ಮುಯ್ಯಿ ಪಾತ್ರೆಗಳ ಗುಜರಾತ್ ಯಾತ್ರೆ

ಗುಜರಾತಿನಲ್ಲಿ ಭೂಮಿ ನಡುಗಿದ್ದಕ್ಕೆ ನಾನು ಕಾರಣನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಆದರೆ ಅದಾದ ಕೆಲವೇ ದಿನಗಳಲ್ಲಿ ಹಳೇಬೀಡಿನ ಸಂತೆಯಲ್ಲಿ ಆದ ಕಂಪನಕ್ಕೆ ಸಂಪೂರ್ಣ ಹೊಣೆಗಾರ ನಾನೇ. ಅದರ ಕೇಂದ್ರಬಿಂದು ಬಸ್ ಸ್ಟ್ಯಾಂಡಿನ ಪಕ್ಕ ನಿಂತಿದ್ದ ಒಂದು ಆಟೋ. ಆಟೋದೊಳಗೆ ಮೈಕು. ಮೈಕಿನ ಹಿಂದೆ ನಾನು!

ಆಗ ನಾನು ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಕಸುಬು ಮಿಮಿಕ್ರಿ. ಬಸ್ ಕಂಡಕ್ಟರು, ದೇವಸ್ಥಾನದ ಗೈಡು, ಹೆತ್ತ ತಾಯಿ, ಯಾರ ಗಂಟಲನ್ನೂ ಬಿಟ್ಟವನಲ್ಲ. ಅದರಲ್ಲೂ ನಮ್ಮ ಮಂಡಿಯ ಸೇಠರದ್ದು ನನ್ನ ಅತ್ಯಂತ ಜನಪ್ರಿಯ ಐಟಂ. ಅವರು ಗುಜರಾತಿನ ಕಛ್ ಕಡೆಯ ಮನೆತನದವರಾದರೂ ಹುಟ್ಟಿ ಬೆಳೆದದ್ದೆಲ್ಲ ಅರಸೀಕೆರೆ. ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಆದರೆ ಇದ್ದದ್ದನ್ನು ಇದ್ದ ಹಾಗೇ ಅನುಕರಿಸಿದರೆ ಯಾರು ನಗುತ್ತಾರೆ? ಹಾಗಾಗಿ ನನ್ನ ಸೇಠು, "ನಮ್ದುಕೆ ಕೊಬ್ರಿ ಕೊಡು, ನಿಮ್ದುಕೆ ದುಡ್ಡು ಕೊಡ್ತಾನೆ" ಎನ್ನುತ್ತಿದ್ದ. ಜನ ಬಿದ್ದೂ ಬಿದ್ದೂ ನಗುತ್ತಿದ್ದರು.

ಭೂಕಂಪವಾದ ದಿನದಿಂದ ಸೇಠರು ಫೋನಿನ ಮುಂದೆ ಕೂತವರು ಏಳಲೇ ಇಲ್ಲ. ಕೊನೆಗೊಮ್ಮೆ ಸುದ್ದಿ ಬಂತು. ಅವರ ಅಕ್ಕ ಬದುಕಿದ್ದಾರೆ, ಮನೆ ಇಲ್ಲ. ಇಡೀ ಬೀದಿಯವರು ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಸೇರಿದ್ದಾರೆ. ಅಕ್ಕಿ ಬೇಳೆ ಯಾರೋ ಪುಣ್ಯಾತ್ಮರು ತಂದು ಹಾಕುತ್ತಿದ್ದಾರೆ, ಬೇಯಿಸುವುದಕ್ಕೆ ಇರುವುದು ಒಂದು ಎಣ್ಣೆ ಡಬ್ಬ ಮಾತ್ರ. ಒಂದು ಮನೆಯ ಅನ್ನ ಇಳಿಯುವ ತನಕ ಮಿಕ್ಕ ಮನೆಗಳ ಮಕ್ಕಳು ಡಬ್ಬದ ಸುತ್ತ ಕೂತು ಅಳುತ್ತವೆ.

"ನಿಮ್ಮೂರ ಸಂತೆ ದಿನ ಸಂಜೆ ಐದಕ್ಕೆ ಇಲ್ಲಿಂದ ಲಾರಿ ಹೊರಡ್ತದೆ ಕಣೋ ನಾಗ" ಎಂದರು ಸೇಠರು. "ಬಟ್ಟೆ ಬೇಡ. ಬಟ್ಟೆ ಅಲ್ಲಿ ರಸ್ತೇಲಿ ರಾಶಿ ಬಿದ್ದಿದೆಯಂತೆ. ಪಾತ್ರೆ ಕೊಡಿಸು, ದೊಡ್ಡವು. ಹಳೇಬೀಡಿಗೆ ಅಂತ ಲಾರೀಲಿ ಜಾಗ ಬಿಟ್ಟಿರ್ತೀನಿ."

"ನೀವು ಯೋಚ್ನೆ ಬಿಡಿ ಸೇಠ್ರೇ. ಹಳೇಬೀಡು ನನ್ನ ನಾಲಗೆ ಮೇಲಿದೆ!" ಎಂದೆ.

ಸರ್ವನಾಶಕ್ಕೆ ಅಷ್ಟು ಸಾಕಿತ್ತು.

ಸಂತೆಯ ಹಿಂದಿನ ದಿನ ಗೆಳೆಯ ಮಂಜನ ಆಟೋಗೆ ಮೈಕಿನ ಹಾರ್ನು ಕಟ್ಟಿ ಬೀದಿಗಿಳಿದೆವು. ನಾನು ಕಂಡಕ್ಟರನ ದನಿ ತೆಗೆದೆ. "ಯಾರ್ರೀ ಗುಜರಾತ್, ಗುಜರಾತ್, ಗುಜರಾತ್! ಪಾತ್ರೆ ಹತ್ತಿಸ್ರೀ! ಬಟ್ಟೆಗೆ ಸೀಟಿಲ್ಲ!"

ಬಂದದ್ದೆಲ್ಲ ಬಟ್ಟೆಯೇ. ಅದರಲ್ಲಿ ಮುಕ್ಕಾಲು ಪಾಲು ರವಿಕೆ ಕಣ. ಅರಿಶಿನ ಕುಂಕುಮದ ಜೊತೆ ಮನೆಯಿಂದ ಮನೆಗೆ ತಿರುಗುತ್ತ, ಯಾವ ಜನ್ಮದಲ್ಲೂ ರವಿಕೆಯಾಗದ ಆ ಕಣಗಳು ಈಗ ಗುಜರಾತ್ ಪ್ರವಾಸಕ್ಕೂ ಸಿದ್ಧವಾಗಿ ನಿಂತಿದ್ದವು! ಪಾತ್ರೆ ಅಂತ ಬಂದದ್ದು ಹಿಡಿ ಮುರಿದ ಒಂದು ಅಲ್ಯುಮಿನಿಯಂ ತಪ್ಪಲೆ.

ಮಂಜ ಆಟೋ ನಿಲ್ಲಿಸಿದ. "ಲೇ, ಹಿಂಗಾದ್ರೆ ಆಗಾಕಿಲ್ಲ. ಕೊಟ್ಟೋರ ಹೆಸರು ಮೈಕಲ್ಲಿ ಹೇಳ್ತೀವಿ ಅನ್ನು."

ನಾನು ದನಿಯನ್ನು ಸರ್ಕಾರಿ ಗಾಂಭೀರ್ಯಕ್ಕೆ ಏರಿಸಿದೆ. "ಪಾತ್ರೆ ನೀಡಿದ ಮಹನೀಯರ ಹೆಸರುಗಳನ್ನು ನಾಳೆ ಸಂತೆಯಲ್ಲಿ ಬಹಿರಂಗವಾಗಿ ಘೋಷಿಸಲಾಗುವುದು!"

ನೋಡಿ, ಕರುಣೆ ಎಲ್ಲರ ಎದೆಯಲ್ಲೂ ಇತ್ತು. ಮೈಕಿಗಾಗಿ ಕಾಯುತ್ತಿತ್ತು, ಅಷ್ಟೆ. ಸಂಜೆಯಾಗುವುದರೊಳಗೆ ಬಸ್ ಸ್ಟ್ಯಾಂಡಿನ ಪಕ್ಕದ ಪ್ರಾವಿಜನ್ ಸ್ಟೋರ್ ಶಿವಣ್ಣನ ಅಂಗಡಿ ಜಗಲಿಯ ಮೇಲೆ ಕೊಳಗ, ದಬರಿ, ಬೋಸಿ, ಹರಿವಾಣಗಳು ಗುಡ್ಡೆ ಬಿದ್ದವು. ಫಳಫಳ ಹೊಳೆಯುವ ಸ್ಟೀಲು. ಕೆಲವಕ್ಕೆ ಅಂಗಡಿಯ ಚೀಟಿ ಕೂಡ ಅಂಟಿಕೊಂಡೇ ಇತ್ತು. ನಮ್ಮೂರ ಜನರ ಧಾರಾಳತನ ನೋಡಿ ನನಗೇ ಕಣ್ಣು ಮಂಜಾಯಿತು.

ಬೆಳಿಗ್ಗೆ ಘೋಷಣೆಗೆ ಕೂತಾಗ ಮಂಜನನ್ನು ಕೇಳಿದೆ, "ಯಾರ್ಯಾರು ಯಾವ್ಯಾವ್ದು ಕೊಟ್ರು?"

"ನಂಗೇನ್ಲಾ ಗೊತ್ತು? ತಂದು ತಂದು ಮಡಗಿದ್ರು, ಹೋದ್ರು."

ಕೈಗೆ ಸಿಕ್ಕ ಕೊಳಗವೊಂದನ್ನು ತಿರುಗಿಸಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಹೆಸರು ಕೊರೆದಿತ್ತು! ದಬರಿಯ ಮೇಲೂ ಹೆಸರು. ಹರಿವಾಣದ ಮೇಲೂ ಹೆಸರು. ಆಹಾ, ಎಂಥ ಅಚ್ಚುಕಟ್ಟಿನ ಜನ!

ನಮ್ಮ ಅವ್ವ ತನ್ನ ಪಾತ್ರೆಗಳ ಮೇಲೆಲ್ಲ ತನ್ನ ಹೆಸರು ಕೊರೆಸಿದ್ದಾಳೆ. ಅಕ್ಕಪಕ್ಕದವರು ಈಸಿಕೊಂಡು ಹೋದರೆ ವಾಪಸ್ ಬರಲಿ ಅಂತ. ಆದ್ದರಿಂದ ಪಾತ್ರೆ ಮೇಲಿನ ಹೆಸರು ಅಂದರೆ ಪಾತ್ರೆಯ ಒಡೆಯನ ಹೆಸರು ಎಂಬುದು ನನ್ನ ಅಚಲ ನಂಬಿಕೆ. ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿ ಮಾಡುವವರು ಪಾತ್ರೆಯ ಮೇಲೆ ಕೊಡುವವರ ಹೆಸರು ಕೊರೆಸುತ್ತಾರೆ ಎಂಬ ಇನ್ನರ್ಧ ಸತ್ಯ ನನ್ನ ತಲೆಗೆ ಹೊಳೆಯಲೇ ಇಲ್ಲ. ನೂರಾರು ಮದುವೆಗಳಲ್ಲಿ ಉಂಡಿದ್ದೇನೆ. ನನ್ನ ಗಮನ ಎಲೆಯ ಮೇಲಿತ್ತು, ಪಾತ್ರೆಯ ಮೇಲಲ್ಲ.

ಸಂತೆ ತುಂಬಿದ ಹೊತ್ತಿಗೆ ಶುರು ಮಾಡಿದೆ. ಬರೀ ಹೆಸರು ಓದಿದರೆ ನಾನೇಕೆ ಬೇಕು? ಒಂದೊಂದು ಹೆಸರನ್ನೂ ಅವರವರ ದನಿಯಲ್ಲೇ ಓದತೊಡಗಿದೆ. ಮೊದಲ ಕೆಲವು ಚಪ್ಪಾಳೆಯಲ್ಲಿ ಪಾಸಾದವು. ಆಮೇಲೆ ಆ ಕೊಳಗ ಎತ್ತಿ ಹಿಡಿದೆ.

"ಶ್ರೀ ರಂಗೇಗೌಡರು, ದೊಡ್ಡ ಕೊಳಗ!" ಎಂದು ಕೂಗಿ, ಗೌಡರ ಗೊಗ್ಗರು ದನಿ ತೆಗೆದೆ. "ತಗಳ್ರಲಾ! ಈ ಗೌಡ ಕೊಟ್ಟ ಮ್ಯಾಲೆ ಗುಜರಾತಲ್ಲಿ ಒಬ್ರೂ ಹಸ್ಕಂಡಿರಕೂಡ್ದು ಕಣ್ರಲಾ!"

ಸಂತೆಗೆ ಸಂತೆಯೇ ನಕ್ಕಿತು. ಗುಂಪನ್ನು ಸೀಳಿಕೊಂಡು ಅಸಲಿ ಗೊಗ್ಗರು ದನಿಯೇ ಬಂತು.

"ಏನ್ಲಾ ನಾಗ, ನಾನ್ಯಾವಾಗ್ಲಾ ಕೊಟ್ಟೆ?"

"ದೊಡ್ಡೋರು ನೀವು, ಕೊಟ್ಟಿದ್ದನ್ನ ನೆನಪಿಟ್ಕೊಳ್ಳಲ್ಲ. ಇಲ್ಲೇ ಬರೆದಿದೆ ನೋಡಿ ಗೌಡ್ರೇ."

ಗೌಡರು ಕೊಳಗ ಕಿತ್ತುಕೊಂಡು ತಿರುಗಿಸಿ ನೋಡಿದರು. ಮುಖ ಕೆಂಪಾಯಿತು. "ಇದು ಶಿವಣ್ಣನ ಮಗಳ ಮದ್ವೇಲಿ ನಾನು ಮುಯ್ಯಿ ಮಾಡಿದ್ದು ಕಣ್ಲಾ!"

ಎಲ್ಲರ ಕಣ್ಣೂ ಜಗಲಿಯ ಮೇಲೆ ನಿಂತಿದ್ದ ಶಿವಣ್ಣನ ಕಡೆ ತಿರುಗಿದವು.

"ಒಳ್ಳೇ ಕೆಲ್ಸಕ್ಕೆ ಅಂತ..." ಶಿವಣ್ಣ ತಡವರಿಸಿದ.

"ಒಳ್ಳೇ ಕೆಲ್ಸಕ್ಕೆ ನಿಂದು ಕೊಡಯ್ಯಾ! ಒಂದಿನ ಒಲೆ ಮ್ಯಾಲೆ ಇಕ್ಕಿಲ್ಲ. ಚೀಟಿ ಹಂಗಂಗೇ ಅಂಟ್ಕಂಡೈತೆ!"

ಬುದ್ಧಿ ಇದ್ದವನಾಗಿದ್ದರೆ ಆಗಲೇ ಮೈಕು ಆರಿಸುತ್ತಿದ್ದ. ನಾನು ವಾತಾವರಣ ತಿಳಿಗೊಳಿಸುವ ಸದುದ್ದೇಶದಿಂದ ಇನ್ನೊಂದು ಪಾತ್ರೆ ಎತ್ತಿದೆ. "ಮುಂದಿನ ದಾನಿಗಳು, ನಮ್ಮ ಪ್ರಾವಿಜನ್ ಸ್ಟೋರ್ ಶಿವಣ್ಣ ಮತ್ತು ಮಕ್ಕಳು! ದಬರಿ!"

ಶಿವಣ್ಣ ಜಗಲಿಯಿಂದ ಹಾರಿದ. "ನಾನು ದಬರಿ ಕೊಟ್ಟೇ ಇಲ್ಲ! ಅದು ಗೌಡ್ರ ಮನೆ ಗೃಹಪ್ರವೇಶಕ್ಕೆ ಕೊಟ್ಟಿದ್ದು!"

ಎಲ್ಲರ ಕಣ್ಣೂ ಈಗ ಗೌಡರ ಕಡೆ ತಿರುಗಿದವು. ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಪಾತ್ರೆಪಗಡ ಹೆಂಗಸ್ರ ಕಾರ್ಬಾರು. ನಂಗೊತ್ತಿಲ್ಲ."

ಅಷ್ಟೇ! ಸೊಪ್ಪಿನವರು ಸೊಪ್ಪು ಬಿಟ್ಟರು, ಕೊಳ್ಳುವವರು ಚೀಲ ಬಿಟ್ಟರು, ಇಡೀ ಸಂತೆ ಜಗಲಿಗೆ ನುಗ್ಗಿತು. "ಅಯ್ಯೋ, ನಾನು ಕೊಟ್ಟ ಹರಿವಾಣ!" "ಇದು ನಮ್ಮ ಬೋಸಿ ಕಣಕ್ಕ, ಅವಳ ಸೀಮಂತಕ್ಕೆ ಕೊಟ್ಟಿದ್ದೆ!" "ಅವ್ಳಿಗೆ ಬ್ಯಾಡ್ದಿದ್ರೆ ನಮಗೇ ಇರ್ಲಿ!" ಮುಯ್ಯಿ ಕೊಟ್ಟವರೆಲ್ಲ ತಂತಮ್ಮ ಹೆಸರು ಹುಡುಕಿ, ಕಂಕುಳಲ್ಲಿ ಇರುಕಿಕೊಂಡು ನಡೆದರು. ಯಾರದೋ ಮನೆಯಲ್ಲಿ ಹತ್ತು ವರ್ಷ ಅಟ್ಟದ ಮೇಲೆ ಮಲಗಿದ್ದ ಪಾತ್ರೆಗಳಿಗೆ ಅಂದು ತವರುಮನೆ ಸಿಕ್ಕಿತು.

ಗುಡ್ಡೆಯ ತಳದಲ್ಲಿ ಒಂದು ಬೋಸಿ ಸಿಕ್ಕಿತು. ಅದು ನಮ್ಮ ಅಕ್ಕನ ಮದುವೆಗೆ ಚಿಕ್ಕವ್ವ ಕೊಟ್ಟಿದ್ದ ಬೋಸಿ. ಟೀವಿ ನೋಡಿ ಗೊಳೋ ಎಂದು ಅತ್ತಿದ್ದ ನಮ್ಮ ಅವ್ವ ಕಣ್ಣೊರೆಸಿಕೊಂಡು ಕಳಿಸಿದ್ದು ಇದನ್ನೇ! ಚಿಕ್ಕವ್ವ ಎದುರಿಗೇ ನಿಂತಿದ್ದಾಳೆ.

"ಹೆಸರು ಹೇಳಲು ಇಚ್ಛಿಸದ ದಾನಿಯೊಬ್ಬರಿಂದ..." ಎಂದು ಮೈಕಿನಲ್ಲಿ ಕೀರಲು ದನಿ ತೆಗೆದೆ.

"ಆ ಇಚ್ಛೆ ಇಲ್ದೋಳು ನಿಮ್ಮವ್ವ ತಾನೆ?" ಎಂದಳು ಚಿಕ್ಕವ್ವ. "ಕೊಡ್ಲಾ ಇಲ್ಲಿ."

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಲೆ ಉಳಿದದ್ದು ಹಿಡಿ ಮುರಿದ ತಪ್ಪಲೆ ಮತ್ತು ರವಿಕೆ ಕಣಗಳು. ಶಿವಣ್ಣನ ಅಂಗಡಿಯ ಫೋನು ಹೊಡೆದುಕೊಂಡಿತು. ಸೇಠರು!

"ನಾಗ, ಲೋಡ್ ಆಗ್ತಾ ಇದೆ. ನಿಮ್ಮ ಪಾತ್ರೆ ಹೊರಟ್ವಾ?"

"ಹೊರಟ್ವು ಸೇಠ್ರೇ!" ಎಂದೆ. ಸುಳ್ಳಲ್ಲ. ಆಗಷ್ಟೇ ಕೊನೆಯ ಹರಿವಾಣ ಯಾರದೋ ತಲೆಯ ಮೇಲೆ ಕೆರೆ ಕಡೆಯ ಬೀದಿಗೆ ಹೊರಟಿತ್ತು.

ಸೇಠರ ಹೆಸರು ಕಿವಿಗೆ ಬಿದ್ದದ್ದೇ ಗೌಡರು ತಣ್ಣಗಾದರು. ಅವರ ತೋಟದ ಕೊಬ್ಬರಿಯೆಲ್ಲ ಸೇಠರ ಮಂಡಿಗೇ ಹೋಗುವುದು. "ಕೊಡಾಕಿಲ್ಲ ಅಂದ್ನೇನ್ಲಾ ನಾನು? ಕೊಡ್ತೀನಿ. ಆದ್ರೆ ಇದು ನನ್ನ ದಾನ ಅಂತ ಸೇಠ್ರಿಗೆ ಗೊತ್ತಾಗ್ಬೇಕು."

"ಹಂಗಾದ್ರೆ ನಂದೂ ಗೊತ್ತಾಗ್ಬೇಕು" ಎಂದ ಶಿವಣ್ಣ. ಸೇಠರ ಜೊತೆ ಅವನಿಗೂ ವ್ಯಾಪಾರವಿತ್ತು.

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಮತ್ತೆ ಮೈಕು ಹಿಡಿದೆ. ಹಳೆಯ ಹೆಸರಿನ ಕೆಳಗೆ "ದಾನ" ಎಂದು ಬರೆಸಿ ದಾನಿಯ ಹೆಸರು ಕೊರೆಸಿಕೊಡಲಾಗುವುದು!

ನಮ್ಮೂರಿಗೆ ಕೆತ್ತಿ ಹೆಸರು ಹಾಕುವ ಚಟ ಇವತ್ತು ನಿನ್ನೆಯದಲ್ಲ. ದೇವಸ್ಥಾನಕ್ಕೆ ಹೋಗಿ ನೋಡಿ, ಶಿಲ್ಪಿಗಳು ವಿಗ್ರಹದ ಪಾದದ ಬುಡದಲ್ಲಿ ತಮ್ಮ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಅವರಾದರೂ ವಿಗ್ರಹವನ್ನು ತಾವೇ ಮಾಡಿದ್ದರು!

ಹೋದ ಪಾತ್ರೆಗಳೆಲ್ಲ ಓಡೋಡಿ ಬಂದವು. ಪಾತ್ರೆ ಅಂಗಡಿಯಲ್ಲಿ ಗುಂಯ್‌ಗುಡುವ ಮಿಷನ್ ಹಿಡಿದು ಹೆಸರು ಹಾಕುವವನ ಮುಂದೆ ಸಾಲು ಬೆಳೆಯಿತು. ಮುಯ್ಯಿ ಕೊಟ್ಟವರು ತಾವೇ ದಾನಿ ಎಂದರು, ಈಸಿಕೊಂಡವರು ತಾವೇ ಎಂದರು. ಕೊನೆಗೆ ಇಬ್ಬರ ಹೆಸರೂ ಹಾಕುವುದೆಂದು ರಾಜಿಯಾಯಿತು. ಶಿವಣ್ಣನಿಗೆ ಮಕ್ಕಳೆಲ್ಲರ ಹೆಸರೂ ಬೇಕು. ಗೌಡರಿಗೆ ಹೆಸರಿನ ಸುತ್ತ ಹೂಬಳ್ಳಿ ಬೇಕು. ನಡುವೆ ಕರೆಂಟು ಹೋಯಿತು. ಕಾದೆವು. ಅಲ್ಲಿ ಎಣ್ಣೆ ಡಬ್ಬದ ಸುತ್ತ ಮಕ್ಕಳು ಕೂತಿದ್ದವು. ಇಲ್ಲಿ ನಾವು ಹೂಬಳ್ಳಿಗೆ ಎಲೆ ಬಿಡಿಸುತ್ತಿದ್ದೆವು!

ನಾನೇನು ಕಮ್ಮಿಯೇ? ಚಿಕ್ಕವ್ವನ ಕಾಲು ಹಿಡಿದು ಬೋಸಿ ವಾಪಸ್ ತಂದೆ. ಅವಳ ಹೆಸರಾಯಿತು, ಅವ್ವನ ಹೆಸರಾಯಿತು, ಇನ್ನೂ ಜಾಗ ಮಿಕ್ಕಿತ್ತು. "ಮೈಕ್ ಮತ್ತು ಧ್ವನಿ: ನಾಗರಾಜ" ಎಂದು ಕೊರೆಸಿದೆ. ಮೂರರಲ್ಲಿ ನನ್ನದೇ ಅಕ್ಷರ ದಪ್ಪ.

ಟೆಂಪೊ ತುಂಬಿ, ಗೌಡರೂ ಶಿವಣ್ಣನೂ ಮುಂದಿನ ಸೀಟಿಗಾಗಿ ಒಂದಷ್ಟು ಕಿತ್ತಾಡಿ, ಜಾವಗಲ್ ದಾಟಿ ಅರಸೀಕೆರೆ ಸೇರುವಾಗ ಬೀದಿ ದೀಪಗಳು ಹತ್ತಿದ್ದವು. ಮಂಡಿಯ ಮುಂದೆ ಲಾರಿ ಇರಲಿಲ್ಲ. ಟೈರಿನ ಗುರುತಿತ್ತು. ಮೆಟ್ಟಿಲ ಮೇಲೆ ಸೇಠರು ಒಬ್ಬರೇ ಕೂತಿದ್ದರು.

"ಆರರ ತನಕ ನಿಲ್ಲಿಸ್ಕೊಂಡಿದ್ದೆ" ಎಂದರು. "ಡ್ರೈವರ್ ಕೇಳಲಿಲ್ಲ. ನಿಮ್ಮೂರ ಜಾಗ ಖಾಲಿಯೇ ಹೋಯ್ತು. ಇನ್ನು ರೈಲಿಗೆ ಹಾಕ್ಬೇಕು, ಅದು ಯಾವತ್ತು ಮುಟ್ತದೋ."

ಗೌಡರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕೊಳಗವನ್ನು ದೀಪದ ಬೆಳಕಿಗೆ ಹಿಡಿದು ಮುಂದೆ ಬಂದರು. "ಸೇಠ್ರೇ, ಹೆಸರು ನೋಡಿ ಒಂದ್ಸಲ." ಶಿವಣ್ಣ ದಬರಿ ಚಾಚಿದ. ನಾನು ಇಬ್ಬರ ನಡುವೆ ನುಸುಳಿ ನನ್ನ ಬೋಸಿಯನ್ನೇ ಸೇಠರ ಕೈಗಿಟ್ಟೆ.

"ತಪ್ಪು ತಿಳೀಬೇಡಿ ಸೇಠ್ರೇ, ಎಲ್ಲಾರ ಹೆಸರೂ ಕೊರೆಸೋ ಹೊತ್ತಿಗೆ ಸ್ವಲ್ಪ ತಡ ಆಯ್ತು."

ಸೇಠರು ಬೋಸಿಯ ಕಂಠದ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ದಪ್ಪ ಅಕ್ಷರಗಳ ಮೇಲೆ ನಿಂತಿತು. ಊರಿನ ಎಲ್ಲರ ದನಿಯನ್ನೂ ತೆಗೆಯುವ ನನಗೆ ಆಮೇಲೆ ಅವರು ಆಡಿದ ಮಾತಿನ ದನಿಯನ್ನು ಮಾತ್ರ ತೆಗೆಯಲು ಇವತ್ತಿಗೂ ಬಂದಿಲ್ಲ.

"ನಮ್ಮಕ್ಕಂಗೆ ಕನ್ನಡ ಓದೋಕೆ ಬರಲ್ಲ ಕಣೋ ನಾಗ. ಅನ್ನ ಮಾಡೋಕೆ ಬರ್ತದೆ."