ನಿರ್ದೇಶಕರು ಬದಲಾದಾಗಲೆಲ್ಲ

ಮದರಾಸಿನಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕರು ಬದಲಾದರೆ, ತಮಿಳುನಾಡಿಗೆ ಸೇರಿದ ಹೊಸೂರು ಸೀಮೆಯ, ರಾಯಕೋಟೆ ದಾರಿಯ ನಮ್ಮ ಕನ್ನಡ ಶಾಲೆಯಲ್ಲಿ ಏನಾದರೊಂದು ತಮಾಷೆ ಆಗಿಯೇ ತೀರುತ್ತಿತ್ತು. ಎಪ್ಪತ್ತರ ದಶಕದ ಕೊನೆ. ಐದು ತರಗತಿಗೂ ನಾನೊಬ್ಬನೇ ಮೇಷ್ಟ್ರು. ಇನ್ನೊಬ್ಬ ಕನ್ನಡ ಮೇಷ್ಟ್ರು ಬಾರದಿದ್ದರೆ ಮುಂದಿನ ವರ್ಷ ಶಾಲೆಗೆ ಬೀಗ ಎಂದು ಇನ್‌ಸ್ಪೆಕ್ಟರು ಹೇಳಿಹೋಗಿದ್ದರು. ಶಾಲಾ ಸಮಿತಿಯ ಅಧ್ಯಕ್ಷರು ರಾಗಿ ಬೆಳೆಯುವ ರೈತರು. "ಮೇಷ್ಟ್ರನ್ನ ತರ್ದೆ ಬುಡಲ್ಲ" ಎಂದು ಪಟ್ಟು ಹಿಡಿದರು.

೧. ವಿಳಾಸ

ನಿರ್ದೇಶಕರ ಹೆಸರಿಗೆ ಅರ್ಜಿ ಬರೆದೆವು. ತಲುಪುವಷ್ಟರಲ್ಲಿ ಅವರು ಬದಲಾಗಿದ್ದರು. "ಈ ಹೆಸರಿನವರು ಇಲ್ಲಿಲ್ಲ" ಎಂದು ಅರ್ಜಿ ವಾಪಸು ಬಂತು. ಹೊಸಬರ ಹೆಸರಿಗೆ ಬರೆದೆವು. ಅವರೂ ಹೋದರು.

"ಹೆಸರೇ ಬ್ಯಾಡ ಮೇಷ್ಟ್ರೇ. ಈಗ ಕುರ್ಚಿ ಮ್ಯಾಲೆ ಯಾರು ಕುಂತವ್ರೋ ಅವ್ರಿಗೆ ಅಂತ ಬರೀರಿ" ಎಂದರು ಅಧ್ಯಕ್ಷರು.

ಅದನ್ನೇ ತಮಿಳಿನಲ್ಲಿ ಮರ್ಯಾದೆಯಾಗಿ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು: "ಸದ್ಯಕ್ಕೆ ಯಾರೂ ಕುಳಿತಿಲ್ಲ."

೨. ಬಟ್ಟೆಯ ಮೇಲಿನ ಹೆಸರು

ಹೊಸ ನಿರ್ದೇಶಕರು ಹೊಸೂರಿಗೆ ಬರುತ್ತಾರೆಂದು ತಿಳಿಯಿತು. ಅವರ ಹೆಸರು ಬರೆಸಿದ ಸ್ವಾಗತದ ಬಟ್ಟೆ ಹಿಡಿದು, ನಾನೂ ಅಧ್ಯಕ್ಷರೂ ಬೆಳಗಿನ ಬಸ್ಸಿಗೆ ಹೋಗಿ ಪ್ರವಾಸಿ ಮಂದಿರದ ಮುಂದೆ ನಿಂತೆವು. ಜೀಪಿನಿಂದ ಇಳಿದವರು ಬಟ್ಟೆ ಓದಿ ಮುಖ ಗಂಟಿಕ್ಕಿದರು.

"ಅವರು ಹೋಗಿ ಮೂರು ದಿನವಾಯಿತು. ಈಗ ನಾನು."

ಅಧ್ಯಕ್ಷರು ಕೈಮುಗಿದರು. "ನಿಮ್ ಹೆಸ್ರೂ ಬರೆಸ್ತೀವಿ ಸ್ವಾಮಿ. ಬಣ್ಣ ಒಣಗೋ ಗಂಟ ಇರ್ತೀರಾ?"

೩. ಮದರಾಸಿನ ಮೆಟ್ಟಿಲು

ಕಾಗದದಿಂದ ಆಗುವ ಕೆಲಸವಲ್ಲವೆಂದು ಕೊನೆಗೆ ಮದರಾಸಿಗೇ ಹೋದೆವು. ಆಗ ಇದ್ದ ನಿರ್ದೇಶಕರು ಒಳ್ಳೆಯವರು. ಅರ್ಜಿ ಪೂರ್ತಿ ಓದಿ, "ನನಗೂ ವರ್ಗವಾಗಿದೆ. ಇವತ್ತು ಹನ್ನೆರಡು ಗಂಟೆಗೆ ಹೊಸಬರು ಬರುತ್ತಾರೆ. ಅವರು ಒಳಗೆ ಕಾಲಿಡುವ ತನಕ ನನ್ನ ಸಹಿ ನಡೆಯುತ್ತದೆ" ಎಂದು ಗುಮಾಸ್ತರಿಗೆ ಆದೇಶ ಟೈಪು ಮಾಡಲು ಹೇಳಿದರು. ಗುಮಾಸ್ತರು ಒಂದೊಂದೇ ಅಕ್ಷರ ಹುಡುಕಿ ಕುಟ್ಟತೊಡಗಿದರು. ಅರ್ಧ ಪುಟವೂ ಆಗಿರಲಿಲ್ಲ, ಕೆಳಗೆ ಕಾರು ಬಂದು ನಿಂತಿತು.

"ನೀವು ಇಲ್ಲೇ ಇರಿ, ನಾನು ನೋಡ್ಕೊಂತೀನಿ" ಎಂದು ಅಧ್ಯಕ್ಷರು ಹೊರಗೋಡಿದರು. ಸ್ವಾಗತಕ್ಕೆ ನಿಂತಿದ್ದ ಯಾರದೋ ಕೈಲಿದ್ದ ಹಾರ ಕಿತ್ತುಕೊಂಡು, ಮೆಟ್ಟಿಲ ಮೇಲೇ ಹೊಸಬರ ಕೊರಳಿಗೆ ಹಾಕಿ, ದಾರಿಗಡ್ಡ ನಿಂತು ಭಾಷಣ ಶುರುಮಾಡಿದರು. ಮೊದಲು ತಮಿಳಿನಲ್ಲಿ. ಅದು ಮುಗಿಯಿತು ಅನ್ನುವಾಗ ತೆಲುಗಿನಲ್ಲಿ. ಟೈಪಿನ ಸದ್ದು ಇನ್ನೂ ಕೇಳುತ್ತಿದ್ದುದರಿಂದ ಕನ್ನಡದಲ್ಲಿ. ಅಷ್ಟರಲ್ಲಿ ಒಳಗೆ ಸಹಿ ಬಿತ್ತು, ಮೊಹರು ಬಿತ್ತು. ಆದೇಶ ಹಿಡಿದು ಹೊರಗೋಡಿ ಬಂದೆ.

ಹೊಸ ನಿರ್ದೇಶಕರ ಕಣ್ಣು ತೇವವಾಗಿತ್ತು. "ನನಗಾಗಿ ಅಷ್ಟು ದೂರದಿಂದ ಬಂದಿದ್ದೀರಿ. ಏನು ಬೇಕು ಕೇಳಿ" ಎಂದರು.

ಅಧ್ಯಕ್ಷರು ನನ್ನ ಕೈಲಿದ್ದ ಕಾಗದವನ್ನೊಮ್ಮೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಏನೂ ಬ್ಯಾಡ ಸ್ವಾಮಿ, ನಮ್ ಕೆಲ್ಸ ಆಯ್ತು. ನೀವಿನ್ನು ಒಳಕ್ಕೋಗ್ಬೌದು."