ಗಂಜಿ ಹಾಕಿದ ಲಾಡಿ

ಬೆಟ್ಟಸ್ವಾಮಿಯ ಗ್ರಹಚಾರ ಶುರುವಾದದ್ದು ಹೆಂಡತಿಯ ಲಂಗದ ಲಾಡಿಯಿಂದ. ಎಂಬತ್ತೆಂಟನೇ ಇಸವಿ. ತುಮಕೂರಿನ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿಯೇ ತಲೆ ನರೆಯುತ್ತಿದ್ದ ಅವನು, ಆ ಲಾಡಿಗೆ ಬಣ್ಣಬಣ್ಣದ ಗುಂಡಿ ಹೊಲಿದು ಪೆಪ್ಟೈಡಿನ ಮಾದರಿ ಮಾಡಿದ್ದ. ಅಂದರೆ ಕಪ್ಪೆಯ ಚರ್ಮದಲ್ಲಿ ಹೊಸದಾಗಿ ಸಿಕ್ಕಿದ್ದ, ಕ್ರಿಮಿ ಕೊಲ್ಲುವ ಪುಟ್ಟ ಅಣುಸರಪಳಿ. ನೀರಿನಲ್ಲಿ ಸಡಿಲವಾಗಿ ತೇಲುವ ಅದು ಕ್ರಿಮಿಯ ಮೈ ತಗುಲಿದೊಡನೆ ಸುರುಳಿ ಸುತ್ತಿಕೊಂಡು ತೂತು ಕೊರೆಯುತ್ತದೆ. ಬಾಗುವುದೇ ಅದರ ಬಲ. ಇದನ್ನು ಚೆನ್ನಾಗಿ ತೋರಿಸಿದವರಿಗೆ ಬೆಂಗಳೂರಿನಿಂದ ಬರುವ ವಿಜ್ಞಾನಿ ತಮ್ಮ ಲ್ಯಾಬಿನಲ್ಲಿ ಕೆಲಸ ಕೊಡುವವರಿದ್ದರು.

ತೋರಿಸಬೇಕಾದ ದಿನ ಬೆಳಿಗ್ಗೆ ನೋಡಿದರೆ ಲಾಡಿ ಹಿತ್ತಲ ತಂತಿಯಲ್ಲಿ ನುಗ್ಗೆಕಾಯಿಯ ಹಾಗೆ ಸೆಟೆದು ನೇತಾಡುತ್ತಿತ್ತು. ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಬಂದಿದ್ದ ಅಕ್ಕ ಓಬಳಮ್ಮನ ಕೆಲಸ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ.

"ಜೋಲು ಬಿದ್ದಿತ್ತು ಕಣೋ. ನಾಕ್ ಜನ ನೋಡೋದು ಅಂದ್ಯಲ್ಲ, ನಿನ್ ಶರ್ಟ್ ಜೊತೆ ಅದ್ಕೂ ಗಂಜಿ ಹಾಕ್ದೆ."

ಪಕ್ಕದ ಮನೆಯ ರೇವಮ್ಮ ಕಾಂಪೌಂಡಿನಿಂದಲೇ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಲು ಹೇಳಿದರು. ಇಟ್ಟದ್ದಾಯಿತು, ಅಂಟಂಟಾಯಿತು. ಕೊನೆಗೆ ಅವನೇ ಬಿಸಿನೀರಿನಲ್ಲಿ ಕುಕ್ಕತೊಡಗಿದ.

"ಅದು ಹಂಗೇ ಇರ್ಲಿ ಬುಡು," ಎಂದಳು ಅಕ್ಕ. "ಒಂದ್ ಗಳಿಗೆ ತಡಿ, ಮೆತ್ತಗಿರೋದ್ ಇನ್ನೊಂದ್ ಹೊಲ್ದು ಕೊಡ್ತೀನಿ."

"ನೀನೇನೂ ಮಾಡ್ಬೇಡ. ಊರಿಗೆ ಹೋಗು, ಸಾಕು."

ಆಡಿದ್ದು ಹೆಚ್ಚಾಯಿತೆಂದು ಅವನಿಗೇ ಗೊತ್ತಾಯಿತು. ಆದರೆ ನಿಲ್ಲಲಿಲ್ಲ. ಹಸಿ ಲಾಡಿಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಸಿಟಿ ಬಸ್ ಹತ್ತಿದ. ಇಳಿದ ನೀರನ್ನು ಕಂಡು ಪಕ್ಕದವರು ಮೆಲ್ಲಗೆ ಬೇರೆ ಸೀಟಿಗೆ ಹೋದರು.

ಅಷ್ಟಾದರೂ ಕಾಲೇಜಿನಲ್ಲಿ ವಿಜ್ಞಾನಿಯ ಮುಂದೆ ಲಾಡಿ ಚೆನ್ನಾಗಿಯೇ ಬಳುಕಿತು, ಸುರುಳಿಯೂ ಸುತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಜ್ಞಾನಿ ಮಾತ್ರ ಕನ್ನಡಕ ಒರೆಸಿಕೊಂಡರು.

"ಬಾಗದೇ ಇದ್ರೆ ಏನಾಗುತ್ತೆ ಅಂತ ತೋರ್ಸೋಕೆ ಸೆಟೆದಿರೋದು ಒಂದು ತರ್ಬೇಕಿತ್ತಲ್ಲ ಬೆಟ್ಟಸ್ವಾಮಿ. ಎರಡನ್ನೂ ಅಕ್ಕಪಕ್ಕ ಇಟ್ರೆ ತಾನೇ ಗೊತ್ತಾಗೋದು?"

ಅದೇ ಕೆಲಸಕ್ಕೆ ಬಂದಿದ್ದ ಗುಬ್ಬಿಯ ಮಹಾದೇವಯ್ಯ ಒಂದು ತೆಂಗಿನ ನಾರು, ಒಂದು ಗರಿಯ ಕಡ್ಡಿ ತಂದಿದ್ದ. ಕೆಲಸ ಅವನಿಗೆ ಹೋಯಿತು.

ಮನೆಗೆ ಬಂದರೆ ಅಕ್ಕ ಇರಲಿಲ್ಲ. ಮಧ್ಯಾಹ್ನದ ಕುಣಿಗಲ್ ಬಸ್ಸಿಗೇ ಹೋದಳಂತೆ. ತಂತಿಯ ಮೇಲೆ ಹೊಸ ಲಾಡಿಯೊಂದು ಮೆತ್ತಗೆ ಗಾಳಿಗೆ ಆಡುತ್ತಿತ್ತು.

"ಬಣ್ಣಬಣ್ಣದ್ ಗುಂಡಿ ಬೇಕು ಅಂತ ನಿಮ್ ಶರ್ಟಿಂದೆಲ್ಲ ಕಿತ್ತು ಹೊಲಿದ್ರು," ಎಂದಳು ಹೆಂಡತಿ. "ಇದಕ್ಕೆ ಗಂಜಿ ಹಾಕಿಲ್ಲ ಅಂತ ಹೇಳು ಅಂದ್ರು."

ಒಂದು ಗಳಿಗೆ ತಡೆದಿದ್ದರೆ ಸೆಟೆದದ್ದು, ಮೆತ್ತಗಿನದು ಎರಡೂ ಕೈಯಲ್ಲಿರುತ್ತಿದ್ದವು, ಅಕ್ಕನೂ ಮನೆಯಲ್ಲಿರುತ್ತಿದ್ದಳು. ಬೆಟ್ಟಸ್ವಾಮಿಗೆ ಅಳುವೇ ಬಂತು. ಗುಂಡಿ ಉಳಿದಿದ್ದ ಒಂದೇ ಶರ್ಟಿನಲ್ಲಿ, ಬೆಳಿಗ್ಗೆ ತೊಟ್ಟಿದ್ದರಲ್ಲೇ, ಬಸ್‌ಸ್ಟ್ಯಾಂಡಿಗೆ ಹೊರಟ. ಹೋಗಿ ಅಕ್ಕನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಆದರೆ ಅವಳು ಗಂಜಿ ಹಾಕಿದ ಕಾಲರು ಕತ್ತು ಬಗ್ಗಿಸಲು ಬಿಡುತ್ತಿರಲಿಲ್ಲ.