ಅನುಮತಿಯಿಲ್ಲದೆ ಚಾಲೂ ಆದ ಬೈಕು

ನೀರಿನ ಮೀಟರು ಕಚೇರಿಯ ಮೂರನೇ ನಂಬರಿನ ಬೈಕು ಚಾಲೂ ಆಗುವುದಿಲ್ಲ ಎಂಬುದು ಕಳೆದ ಏಳು ತಿಂಗಳಿನಿಂದ ದಾಖಲಾಗಿ, ಮೊಹರು ಬಿದ್ದು, ಯಾರೂ ತಕರಾರು ಎತ್ತದೆ ಒಪ್ಪಿಕೊಂಡ ಸಂಗತಿಯಾಗಿತ್ತು. ಈ ಕುರಿತು ಇಪ್ಪತ್ತೆಂಟು ವರದಿಗಳಿದ್ದವು. ಇಪ್ಪತ್ತೆಂಟನ್ನೂ ಬರೆದದ್ದು ಬ್ಯಾಟರಿ ಪರೀಕ್ಷಾ ಶಾಖೆ.

ಶಾಖೆಯಲ್ಲಿ ಆರು ಮಂದಿ. ಕೆಲಸ ಬಲು ಕಟ್ಟುನಿಟ್ಟು. ಬೆಳಿಗ್ಗೆ ಹತ್ತಕ್ಕೆ ಆರೂ ಜನ ಶೆಡ್ಡಿಗೆ ಬಂದು, ಬೈಕಿನ ಕೀಲಿ ತಿರುಗಿಸಿ, ಸೇವಾ ಹಿರಿತನದ ಪ್ರಕಾರ ಸಾಲಾಗಿ ನಿಂತು, ಒಬ್ಬೊಬ್ಬರೂ ಒಂದೊಂದು ನಿಮಿಷ ಹಾರ್ನ್ ಒತ್ತಬೇಕು. ಹಾರ್ನ್ ಕೂಗಿದರೆ ಬ್ಯಾಟರಿಯಲ್ಲಿ ಜೀವವಿದೆ ಎಂದು ರುಜು. ಆಮೇಲೆ ಹೆಡ್‌ಲೈಟು ಹಾಕಿಡಬೇಕು. ಮಹಡಿಯ ಕಿಟಕಿಯಿಂದ ದೊಡ್ಡ ಸಾಹೇಬರು ಅದನ್ನು ಕಣ್ಣಾರೆ ಕಂಡು ಕೈ ಅಲ್ಲಾಡಿಸುವ ತನಕ ಆರಿಸುವಂತಿಲ್ಲ. ಸಾಹೇಬರು ಒಮ್ಮೊಮ್ಮೆ ಹನ್ನೆರಡಕ್ಕೆ ಬರುತ್ತಿದ್ದರು, ಒಮ್ಮೊಮ್ಮೆ ಊಟ ಮುಗಿಸಿಯೇ ಬರುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಸ್ಟಾರ್ಟರ್ ಗುಂಡಿ ಒತ್ತಿದರೆ ಬೈಕು ‘ಟಕ್ ಟಕ್ ಟಕ್’ ಎಂದು ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಅದಕ್ಕೆ ಕಿಕ್ಕರ್ ಇರಲಿಲ್ಲ. ತಳ್ಳಿ ಸ್ಟಾರ್ಟ್ ಮಾಡುವುದು ಕಚೇರಿಯ ಘನತೆಗೆ ಕುಂದು ಎಂದು ಸುತ್ತೋಲೆ ಇತ್ತು. ಇಷ್ಟು ಮುತುವರ್ಜಿಯಿಂದ ನೋಡಿಕೊಂಡರೂ ಬೈಕು ಹೀಗೇಕೆ ಮಾಡುತ್ತದೆ ಎಂದು ಶಾಖೆಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ಇಂಥ ಕಚೇರಿಗೆ ಹೊಸ ಮೆಕ್ಯಾನಿಕ್ ಬಂದ. ಹಳ್ಳಿಯಲ್ಲಿ ಬೆಳೆದ ಹುಡುಗ. ಕೈ ಚುರುಕು, ಬಾಯಿ ಊರಗಲ.

“ನಮ್ಮೂರಲ್ಲಿ ಬೇಕಾದ್ರೆ ವಿಚಾರ್ಸಿ,” ಎಂದು ಮೊದಲ ದಿನವೇ ಸಾರಿದ. “ನಾನು ಬೈಕ್ ಮುಟ್ಟೋದು ಹಾಗಿರ್ಲಿ, ಪಕ್ಕದಲ್ಲಿ ನಿಂತು ಕೆಮ್ಮಿದ್ರೆ ಸಾಕು, ಇಂಜಿನ್ ಎದ್ದು ಕೂರ್ತಿತ್ತು.”

ಆದರೆ ಕೆಮ್ಮಲೂ ಅವನಿಗೆ ಅವಕಾಶ ಸಿಗಲಿಲ್ಲ. ಬೈಕು ಪರೀಕ್ಷೆಯಲ್ಲಿರುವ ತನಕ ದುರಸ್ತಿಗೆ ಕೊಡುವಂತಿಲ್ಲ, ಪರೀಕ್ಷೆಯೋ ದಿನಾ ನಡೆಯುತ್ತಿತ್ತು. ಹೀಗೆ ಆರು ತಿಂಗಳ ಪ್ರಾಯೋಗಿಕ ಅವಧಿ ಕರಗಿ ಕೊನೆಯ ವಾರಕ್ಕೆ ಬಂತು. ಶುಕ್ರವಾರದೊಳಗೆ ಒಂದಾದರೂ ದೋಷ ಪತ್ತೆ ಮಾಡಿ ಸಾಹೇಬರ ರುಜು ಪಡೆಯದಿದ್ದರೆ ಕೆಲಸ ಕಾಯಂ ಇಲ್ಲ, ಗಂಟುಮೂಟೆ ಕಟ್ಟುವುದೇ. ತೊಂದರೆ ಏನೆಂದರೆ, ತಾನು ಬಂದ ದಿನವೇ ಕಾಯಂ ಆದೆನೆಂದು ಅವನು ಊರಿಗೆಲ್ಲ ಹೇಳಿಬಿಟ್ಟಿದ್ದ. ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ದಿನಾ ತಟ್ಟೆಯ ಮುಂದೆ ಕೆಣಕುತ್ತಿದ್ದರು:

“ಏನಯ್ಯಾ ಇಂಜಿನಿಯರ್ರೇ, ಶುಕ್ರವಾರ ಹತ್ರ ಬಂತು. ನನ್ನ ಸೌದೆ ಡಿಪೋದಲ್ಲಿ ತಕ್ಕಡಿ ಹಿಡಿಯೋಕೆ ಜನ ಬೇಕು, ನೋಡು ಮತ್ತೆ.”

“ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಭಾವ. ನಾನು ಸ್ಪ್ಯಾನರ್ ಹಿಡಿಯೋಕೇ ಹುಟ್ಟಿರೋನು.”

“ಹುಟ್ಟಿದ್ದೇನೋ ಸರಿ ಕಣೋ, ಯಾವತ್ತು ಹಿಡೀತೀಯ ಹೇಳು,” ಎಂದಳು ಅಕ್ಕ.

ಆ ಸೋಮವಾರ ದೇವರು ಕಣ್ಣುಬಿಟ್ಟ. ‘ಬ್ಯಾಟರಿಯ ಆಯುಸ್ಸು ಹೆಚ್ಚಿಸುವುದು ಹೇಗೆ’ ಎಂಬ ಮೂರು ದಿನದ ತರಬೇತಿಗೆ ಶಾಖೆಯ ಆರೂ ಮಂದಿ ಹೊರಟುಹೋದರು. ಶೆಡ್ಡು ಖಾಲಿ. ಮೆಕ್ಯಾನಿಕ್ ಬೈಕಿನ ಪಕ್ಕದ ಕವರು ಬಿಚ್ಚಿದ. ಬ್ಯಾಟರಿಯ ತುದಿಗಳ ಮೇಲೆ ಬಿಳಿ ಪುಡಿ ಬೂಷ್ಟಿನಂತೆ ಬೆಳೆದಿತ್ತು, ಒಂದು ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು. ಬ್ಯಾಟರಿ ಹೊರತೆಗೆದು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಮರಳು ಕಾಗದದಿಂದ ತಿಕ್ಕಿದ. ಎರಡು ದಿನ ನಿಧಾನವಾಗಿ ಚಾರ್ಜಿಗಿಟ್ಟ. ಹನ್ನೊಂದು ವೋಲ್ಟು ತೋರಿಸುತ್ತಿದ್ದ ಮೀಟರು ಹನ್ನೆರಡೂವರೆ ದಾಟಿತು. ಬುಧವಾರ ಸಂಜೆ ಹತ್ತನೇ ನಂಬರಿನ ಸ್ಪ್ಯಾನರಿನಿಂದ ಬೋಲ್ಟು ಬಿಗಿ ಮಾಡಿದ. ಆದರೆ ಗುಂಡಿ ಒತ್ತಲಿಲ್ಲ. ನೋಡಲು ಜನರಿಲ್ಲದೆ ಸ್ಟಾರ್ಟ್ ಮಾಡಿ ಏನು ಸುಖ?

ಗುರುವಾರ ಬೆಳಿಗ್ಗೆ ಕಚೇರಿಗೆ ಮರಳಿದ ಶಾಖೆ ಇನ್ನೂ ಒಳಗೆ ತರಬೇತಿಯ ಪ್ರಮಾಣಪತ್ರ ಹಂಚಿಕೊಳ್ಳುತ್ತಿರುವಾಗ ಎಲ್ಲರೆದುರು ನಿಂತು, ಮೊದಲು ಕೆಮ್ಮಿ, ಆಮೇಲೆ ಗುಂಡಿ ಒತ್ತಿದ. ಒಂದೇ ಏಟಿಗೆ ಬೈಕು ಗುಡುಗಿತು. ಏಳು ತಿಂಗಳು ಕಾಲ್ನಡಿಗೆಯಲ್ಲೇ ಮನೆಮನೆ ಸುತ್ತಿ ಮೀಟರು ಓದುತ್ತಿದ್ದ ಮೀಟರಣ್ಣ ಓಡಿಬಂದು ಸೀಟು ಸವರಿದ.

“ತಮ್ಮಾ, ನನ್ನ ಮಂಡಿ ಉಳಿಸ್ದೆ ಕಣೋ!”

“ಮಂಡಿ ಏನ್ ಮಹಾ ಅಣ್ಣ, ಹೊಟ್ಟೆ ಕರಗೋವಷ್ಟು ಕುಲುಕಾಡಿಸ್ಕೊಂಡು ಹೋಗುತ್ತೆ, ಹತ್ತು!”

ಅಷ್ಟರಲ್ಲಿ ಬಂದವರು ಶಾಖೆಯ ಮುಖ್ಯಸ್ಥರು. ಬೆನ್ನ ಹಿಂದೆ ಅವರ ಹೆಸರು ಪೀಪಿ ಸಾಹೇಬ. ಮುಖ ಬಿಳಿಚಿಕೊಂಡಿತ್ತು.

“ಯಾರನ್ನ ಕೇಳಿ ಸ್ಟಾರ್ಟ್ ಮಾಡ್ದೆ?”

“ಕೆಟ್ಟಿತ್ತು ಸಾರ್, ಸರಿ ಮಾಡ್ದೆ.”

“ಕೆಟ್ಟಿದೆ ಅಂತ ನಾವು ಇಪ್ಪತ್ತೆಂಟು ಸಲ ಬರೆದಿದ್ದೀವಿ. ಈಗ ನಾವೆಲ್ಲ ಸುಳ್ಳು ಹೇಳಿದ್ವಾ?”

ಹತ್ತೇ ನಿಮಿಷದಲ್ಲಿ ಗೋಡೆಗೆ ಪ್ರಕಟಣೆ ಬಿತ್ತು: ‘ಮೂರನೇ ನಂಬರಿನ ಬೈಕು ಈ ದಿನ ಅನುಮತಿಯಿಲ್ಲದೆ ಚಾಲೂ ಆಗಿರುತ್ತದೆ. ಸಿಬ್ಬಂದಿ ಗಾಬರಿಪಡತಕ್ಕದ್ದಲ್ಲ. ಮಹಜರು ಮುಗಿಯುವ ತನಕ ಯಾರೂ ಸದರಿ ಬೈಕನ್ನು ಆರಿಸತಕ್ಕದ್ದಲ್ಲ, ಹತ್ತತಕ್ಕದ್ದಲ್ಲ, ಅದರ ಕಡೆ ನೋಡಿ ನಗತಕ್ಕದ್ದಲ್ಲ.’ ಮೀಟರಣ್ಣ ಇಳಿದು ಚಪ್ಪಲಿ ಹುಡುಕಿಕೊಂಡ. ಮಹಜರು ಬರೆಯುವವರು ರಜೆಯಲ್ಲಿದ್ದುದರಿಂದ ಬೈಕು ನಿಂತಲ್ಲೇ ಮೂರು ಗಂಟೆಯ ತನಕ ಗುಡುಗುತ್ತಲೇ ಇದ್ದು, ಪೆಟ್ರೋಲು ಮುಗಿದು, ತಾನಾಗಿ ನಿಂತಿತು. ಕಚೇರಿ ನಿಟ್ಟುಸಿರು ಬಿಟ್ಟಿತು.

ಶುಕ್ರವಾರ ದೊಡ್ಡ ಸಾಹೇಬರ ಕೋಣೆಯಲ್ಲಿ ವಿಚಾರಣೆ. ಬಾಗಿಲ ಬಳಿ ಪೀಪಿ ಸಾಹೇಬರು ಕಿವಿಯಲ್ಲಿ ಉಸುರಿದರು: “ತಾನಾಗೇ ಸ್ಟಾರ್ಟ್ ಆಯ್ತು ಅಂದ್ಬಿಡಪ್ಪ. ನಿನ್ನ ಕೆಲಸ ಉಳಿಯುತ್ತೆ, ನಮ್ಮ ಮಾನಾನೂ ಉಳಿಯುತ್ತೆ.”

ಮೆಕ್ಯಾನಿಕ್ಕಿಗೆ ಮೈಯೆಲ್ಲ ಉರಿಯಿತು. ಸೌದೆ ಡಿಪೋ ಬೇಕಾದರೆ ಸೇರಬಹುದು, ತಾನು ಮಾಡಿದ್ದನ್ನು ಬೈಕೇ ಮಾಡಿಕೊಂಡಿತು ಎನ್ನುವುದೆಂದರೇನು?

“ನಿನ್ನ ಮೇಲಿರೋ ಆರೋಪ ಗೊತ್ತಲ್ಲ?” ಎಂದರು ದೊಡ್ಡ ಸಾಹೇಬರು.

“ಗೊತ್ತು ಸಾರ್. ಬೈಕ್ ಸರಿ ಮಾಡಿದ್ದು.”

“ಅದು ಆರೋಪ ಅಲ್ಲ, ಜಂಬ. ಆರೋಪ ಏನಂದ್ರೆ, ಬೈಕು ಸ್ಟಾರ್ಟ್ ಆಯ್ತು. ಕಾರಣ ಏನು?”

“ಕಾರಣ ಇವ್ರೇ ಸಾರ್!” ಮೆಕ್ಯಾನಿಕ್ ಆರೂ ಜನರ ಕಡೆ ಕೈ ತೋರಿಸಿದ. “ದಿನಾ ಆರು ನಿಮಿಷ ಹಾರ್ನು, ಎರಡು ಮೂರು ಗಂಟೆ ಲೈಟು. ಇಂಜಿನ್ ಓಡದೆ ಬ್ಯಾಟರಿ ಎಲ್ಲಿಂದ ತುಂಬಬೇಕು? ಮೂರು ದಿನ ಇವ್ರು ಇರ್ಲಿಲ್ಲ, ನಾನು ತೊಳೆದು ಚಾರ್ಜ್ ಮಾಡ್ದೆ, ಬೈಕು ಎದ್ದು ಕೂತ್ಕೊಳ್ತು.”

ಪೀಪಿ ಸಾಹೇಬರು ಕುರ್ಚಿಯ ಕೈ ಹಿಡಿದುಕೊಂಡರು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಅಂದ್ರೆ ಮೂರು ದಿನ ಪರೀಕ್ಷೆ ನಡೀಲಿಲ್ಲ. ಅದಕ್ಕೇ ಸ್ಟಾರ್ಟ್ ಆಯ್ತು.”

“ಹೌದು ಸಾರ್.”

“ಪರೀಕ್ಷೆ ಸರಿಯಾಗಿ ನಡೆದಿದ್ರೆ?”

“ಜಪ್ಪಯ್ಯ ಅಂದ್ರೂ ಆಗ್ತಿರ್ಲಿಲ್ಲ!”

“ಭಲೇ!” ಸಾಹೇಬರು ಎದ್ದು ನಿಂತರು. “ನೋಡ್ರಯ್ಯಾ, ಹೀಗಿರಬೇಕು ದೋಷ ಪತ್ತೆ ಅಂದ್ರೆ. ಬರ್ಕೊಳ್ಳಿ.”

ಆದೇಶ ಅಲ್ಲೇ ತಯಾರಾಯಿತು. ‘ಸದರಿ ಬೈಕು ಚಾಲೂ ಆಗಲು ಪರೀಕ್ಷೆಯಲ್ಲಿ ಉಂಟಾದ ಮೂರು ದಿನದ ಲೋಪವೇ ಕಾರಣವೆಂದು ಸಾಬೀತಾಗಿರುವುದರಿಂದ, ಇನ್ನು ಮುಂದೆ ದಿನಕ್ಕೆ ಎರಡು ಬಾರಿ ಹಾರ್ನ್ ಪರೀಕ್ಷೆ ನಡೆಸತಕ್ಕದ್ದು. ದೋಷ ಪತ್ತೆ ಮಾಡಿದ ಮೆಕ್ಯಾನಿಕ್ಕನನ್ನು ಕಾಯಂ ಮಾಡಿ, ಸಂಜೆಯ ಪರೀಕ್ಷೆಯ ಹೊಣೆ ವಹಿಸಲಾಗಿದೆ.’

ಮೆಕ್ಯಾನಿಕ್ ಹಾಗಲ್ಲ ಎನ್ನಲು ಬಾಯಿ ತೆರೆದ. ಕಾಗದದ ನಡುವೆ ‘ಕಾಯಂ’ ಎಂಬ ಅಕ್ಷರ ಕಣ್ಣಿಗೆ ಬಿತ್ತು. ಹುಟ್ಟಿದಾರಭ್ಯ ಮುಚ್ಚದಿದ್ದ ಆ ಬಾಯಿ ಎರಡು ಕ್ಷಣ ಮುಚ್ಚಿಕೊಂಡಿತು. ಮತ್ತೆ ತೆರೆದಾಗ, “ಹಾರ್ನ್ ಒತ್ತೋದ್ರಲ್ಲಿ ನಮ್ಮೂರಲ್ಲಿ ನನ್ನ ಮೀರ್ಸೋರಿರ್ಲಿಲ್ಲ ಸಾರ್,” ಎಂದ.

ಅವನು ಹೇಳಿದ ಹಾಗೇ ನಡೆದುಕೊಂಡ. ಶಾಖೆಯವರು ಒಂದು ನಿಮಿಷ ಒತ್ತಿದರೆ ಇವನು ಗಡಿಯಾರ ನೋಡದೆ ಹತ್ತು ನಿಮಿಷ ಒತ್ತಿದ. ಬುಧವಾರದ ಹೊತ್ತಿಗೆ ಬೈಕು ಟಕ್ ಟಕ್ ಎನ್ನುವುದನ್ನೂ ಬಿಟ್ಟಿತು. ಇಪ್ಪತ್ತೊಂಬತ್ತನೇ ವರದಿಗೆ ಎಲ್ಲರೂ ಸಂತೋಷದಿಂದ ರುಜು ಹಾಕಿದರು. ಮೀಟರಣ್ಣ ಸೀಟಿನ ಮೇಲೆ ಕಾಲಿಟ್ಟು ಹೊಸ ಬೂಟಿನ ದಾರ ಕಟ್ಟಿಕೊಂಡು, ಮೆಕ್ಯಾನಿಕ್ಕನ ಕೈ ಕುಲುಕಿ, ನಡೆದು ಹೋದ.

ಮನೆಯಲ್ಲಿ ಭಾವ ಆದೇಶವನ್ನು ಎರಡು ಸಲ ಓದಿ, ತಮ್ಮ ಕುರ್ಚಿಯನ್ನೇ ಅವನ ಕಡೆ ಸರಿಸಿದರು. ಅಕ್ಕ ಮಾತ್ರ ಕೇಳಿದಳು:

“ಅಲ್ವೋ, ಆ ಬೈಕು ಈಗ ಸ್ಟಾರ್ಟ್ ಆಗುತ್ತಾ?”

ಮೆಕ್ಯಾನಿಕ್ ಕಾಲ ಮೇಲೆ ಕಾಲು ಹಾಕಿ ಕೂತ.

“ನಾನಿರೋವಾಗ ಆಗೋಕೆ ಬಿಡ್ತೀನೇನೆ ಅಕ್ಕಾ?”